ನಾರ್ವೆಯಲ್ಲಿ ಸೀಟು ಹಂಚಿಕೆ: ಕಡಲತೀರದ ಕೈಗಾರಿಕೆಗೂ ಹಳ್ಳಿಗಾಡಿಗೂ ಒಂದೇ ನಿಯಮ ಸಾಕೇ?

ನಾರ್ವೆಯ ಸಂಸತ್ತು ಸ್ಟೋರ್ಟಿಂಗ್. ಅದರಲ್ಲಿ 169 ಸೀಟು, 19 ಕ್ಷೇತ್ರ. ಹಳೆಯ ಕೌಂಟಿಗಳೇ (ನಮ್ಮ ಜಿಲ್ಲೆಗಳ ಹಾಗೆ) ಈ ಕ್ಷೇತ್ರಗಳು. ರೋಗಲಾಂಡ್‌ನಲ್ಲಿ ಎಣ್ಣೆ ಉದ್ಯಮದ ಸ್ಟಾವಾಂಗರ್ ಇದೆ, ಹೋರ್ಡಲಾಂಡ್‌ನಲ್ಲಿ ಬಂದರು ನಗರ ಬರ್ಗನ್. ಒಳನಾಡಿನ ಹೆಡ್‌ಮಾರ್ಕ್‌ನಲ್ಲಿ ಕಾಡು ಮತ್ತು ಹೊಲಗಳೇ ಜಾಸ್ತಿ.

ಈ ವಿಷಯ ಓದುವಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಯಾವ ಕೌಂಟಿಗೆ ಎಷ್ಟು ಸೀಟು? ಯಾವ ಪಕ್ಷಕ್ಕೆ ಎಷ್ಟು ಸೀಟು? ಹಳ್ಳಿಗೆ ಕೊಟ್ಟರೆ ಪಟ್ಟಣಕ್ಕೆ ಅನ್ಯಾಯ ಎಂಬ ಜಗಳ ಹುಟ್ಟುವುದೇ ಇವೆರಡನ್ನೂ ಕಲಸಿದಾಗ.

ಮೊದಲು ಸ್ವಲ್ಪ ಇತಿಹಾಸ. 1814 ರ ಸಂವಿಧಾನ ಪಟ್ಟಣಗಳಿಗೆ ಮೂರನೇ ಒಂದು ಪಾಲು, ಹಳ್ಳಿಗಳಿಗೆ ಮೂರನೇ ಎರಡು ಪಾಲು ಎಂದಿತು. ಹಳ್ಳಿಗೆ ಲಾಭ ಅನಿಸುತ್ತದೆ, ಅಲ್ವಾ? ಆದರೆ ಆಗ ಪಟ್ಟಣಗಳಲ್ಲಿದ್ದದ್ದು ನೂರಕ್ಕೆ ಹತ್ತರಷ್ಟು ಜನ ಮಾತ್ರ. ಹಾಗಾಗಿ ಲಾಭ ಪಟ್ಟಣದವರದ್ದೇ ಆಗಿತ್ತು. ಪಟ್ಟಣಗಳು ಬೆಳೆಯುತ್ತಾ ಹೋದಂತೆ ಅದೇ ನಿಯಮ ಮಗುಚಿ ರೈತರ ಕೋಟೆಯಾಯಿತು. ಜನರೇ ಅದನ್ನು 'ರೈತರ ಕಲಂ' ಎಂದು ಕರೆದರು. ಅದನ್ನು ತೆಗೆದದ್ದು 1952 ರಲ್ಲಿ. ನನಗೆ ಈ ಕಥೆಯೇ ಅತಿ ಮುಖ್ಯ ಅನಿಸುತ್ತದೆ. ಅನುಪಾತವನ್ನು ಕಲ್ಲಿನಲ್ಲಿ ಕೆತ್ತಿಟ್ಟರೆ ಅದು ಯಾರ ಪರ ಎಂಬುದೇ ಕಾಲ ಕಳೆದಂತೆ ಬದಲಾಗುತ್ತದೆ.

ಎರಡನೇ ಪ್ರಶ್ನೆಯ ಕಥೆ 1918 ರದ್ದು. ಆಗ ಒಂದು ಕ್ಷೇತ್ರಕ್ಕೆ ಒಬ್ಬ ಪ್ರತಿನಿಧಿ, ಎರಡು ಸುತ್ತಿನ ಮತದಾನ. ಲೇಬರ್ ಪಕ್ಷಕ್ಕೆ 31.6% ಮತ ಬಂತು, ಬೇರೆ ಎಲ್ಲರಿಗಿಂತ ಜಾಸ್ತಿ. ಸಿಕ್ಕ ಸೀಟು ಮಾತ್ರ 126 ರಲ್ಲಿ 18. ಲಿಬರಲ್ ಪಕ್ಷ ಅದಕ್ಕಿಂತ ಕಡಿಮೆ ಮತ ಪಡೆದು 51 ಸೀಟು ಗೆದ್ದಿತು. ಕಾರ್ಮಿಕರ ಸಿಟ್ಟಿಗೆ ಕಾರಣ ಬೇರೆ ಹುಡುಕಬೇಕಿಲ್ಲ. 1921 ರ ಚುನಾವಣೆಯಿಂದ ಮತಕ್ಕೆ ತಕ್ಕಷ್ಟು ಸೀಟು ಕೊಡುವ ಪದ್ಧತಿ ಬಂತು.

ಈಗಿನ ಲೆಕ್ಕಕ್ಕೆ ಬರೋಣ. ಕೌಂಟಿಯ ಪ್ರತಿ ವ್ಯಕ್ತಿಗೆ 1 ಅಂಕ, ಪ್ರತಿ ಚದರ ಕಿಲೋಮೀಟರಿಗೆ 1.8 ಅಂಕ. ಎಲ್ಲರ ಅಂಕ ಕೂಡಿಸಿ, ಅದರ ಪ್ರಕಾರ ಸೀಟು ಹಂಚುತ್ತಾರೆ. ಕೆಲವು ವರ್ಷಕ್ಕೊಮ್ಮೆ ಹೊಸದಾಗಿ ಎಣಿಸುತ್ತಾರೆ.

ಉತ್ತರದ ತುದಿಯ ಫಿನ್‌ಮಾರ್ಕನ್ನು ತೆಗೆದುಕೊಳ್ಳಿ. ಜನ ಸುಮಾರು 75,000. ವಿಸ್ತೀರ್ಣ ಸುಮಾರು 48,600 ಚದರ ಕಿಲೋಮೀಟರು. ಅದನ್ನು 1.8 ರಿಂದ ಗುಣಿಸಿದರೆ 87,480. ನೋಡಿ, ಜನಕ್ಕಿಂತ ನೆಲದ ಅಂಕವೇ ಜಾಸ್ತಿ! ಓಸ್ಲೋದಲ್ಲಿ ಸುಮಾರು 7 ಲಕ್ಷ ಜನ, ನೆಲದ ಅಂಕ ಸಾವಿರವೂ ಇಲ್ಲ. 2021 ರಲ್ಲಿ ಫಿನ್‌ಮಾರ್ಕ್‌ಗೆ 5 ಸೀಟು, ಓಸ್ಲೋಗೆ 20, ರೋಗಲಾಂಡ್‌ಗೆ 14. ಅಂದರೆ ಆಗ ಫಿನ್‌ಮಾರ್ಕ್‌ನಲ್ಲಿ ಸುಮಾರು 15,000 ಜನಕ್ಕೆ ಒಬ್ಬ ಪ್ರತಿನಿಧಿ, ರೋಗಲಾಂಡ್‌ನಲ್ಲಿ ಸುಮಾರು 34,000 ಕ್ಕೆ ಒಬ್ಬ. ಸ್ಟಾವಾಂಗರ್‌ನ ಕಾರ್ಮಿಕ ಇದನ್ನು ಯಾಕೆ ಒಪ್ಪಬೇಕು?

ಉತ್ತರ ಇರುವುದು ಸರಿದೂಗಿಸುವ ಸೀಟುಗಳಲ್ಲಿ. 169 ರಲ್ಲಿ 150 ಸೀಟನ್ನು ಆಯಾ ಕೌಂಟಿಯ ಮತದ ಮೇಲೆ ಹಂಚುತ್ತಾರೆ. ಉಳಿದ 19 ಸೀಟು, ಕೌಂಟಿಗೆ ಒಂದರಂತೆ, ದೇಶದ ಒಟ್ಟು ಮತಕ್ಕೆ ಹೋಲಿಸಿದರೆ ಕಡಿಮೆ ಸೀಟು ಪಡೆದ ಪಕ್ಷಗಳಿಗೆ ಹೋಗುತ್ತವೆ. ಹಳ್ಳಿಗೆ ಪ್ರತಿನಿಧಿ ಜಾಸ್ತಿ ಸಿಗುತ್ತಾರೆ, ಆದರೆ ಹಳ್ಳಿಯಲ್ಲಿ ಬಲವಿರುವ ಪಕ್ಷಕ್ಕೆ ಅದರಿಂದ ದೊಡ್ಡ ಬಿಟ್ಟಿ ಲಾಭ ಸಿಗುವುದಿಲ್ಲ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವ ಇದೇ.

ಆದರೆ ಇದಕ್ಕೆ ಒಂದು ಗಡಿ ಇದೆ: ದೇಶದಲ್ಲಿ 4% ಮತ ಬೇಕು. 2005 ರಲ್ಲಿ ಲಿಬರಲ್ ಪಕ್ಷ 5.9% ಪಡೆದು 10 ಸೀಟು ಗೆದ್ದಿತು. 2009 ರಲ್ಲಿ 3.9% ಕ್ಕೆ ಇಳಿದು, ಉಳಿದದ್ದು ಎರಡೇ ಸೀಟು. ಕೌಂಟಿಯ ನೇರ ಸೀಟಿಗೆ ಈ ಗಡಿ ಅನ್ವಯಿಸುವುದಿಲ್ಲ. 2021 ರಲ್ಲಿ ಫಿನ್‌ಮಾರ್ಕ್‌ನ ಆಲ್ಟಾ ಊರಿಗೆ ಆಸ್ಪತ್ರೆ ಬೇಕು ಎಂದು ಹುಟ್ಟಿದ ಪೇಷಂಟ್‌ಫೋಕಸ್ ಎಂಬ ಪುಟ್ಟ ಪಕ್ಷ 5,000 ಕ್ಕೂ ಕಡಿಮೆ ಮತದಲ್ಲಿ ಒಂದು ಸೀಟು ಗೆದ್ದಿತು. ಆ ಕೌಂಟಿಯ ಆಸ್ಪತ್ರೆಗಳಲ್ಲಿ ಒಂದು ಇರುವುದು ಹ್ಯಾಮರ್‌ಫೆಸ್ಟ್ ಊರಿನಲ್ಲಿ. ಅನಿಲ ಘಟಕ ಇರುವುದೂ ಅಲ್ಲೇ. ಕೈಗಾರಿಕಾ ಕಡಲತೀರ ಮತ್ತು ಹಳ್ಳಿಗಾಡು ಎಂಬ ಗೆರೆ ಒಂದೇ ಕೌಂಟಿಯ ಒಳಗೂ ಹಾದುಹೋಗುತ್ತದೆ.

ನನಗೆ ಸರಿ ಕಾಣದ ಒಂದು ಅಂಶವನ್ನೂ ಹೇಳುತ್ತೇನೆ. ಸರಿದೂಗಿಸುವ ಸೀಟು ಎಲ್ಲ ಕೌಂಟಿಗೂ ತಲಾ ಒಂದೇ. 2021 ರಲ್ಲಿ ಓಸ್ಲೋಗೆ ಅದು 20 ರಲ್ಲಿ ಒಂದಾಗಿತ್ತು, ಫಿನ್‌ಮಾರ್ಕ್‌ಗೆ ಐದರಲ್ಲಿ ಒಂದು. ಚಿಕ್ಕ ಕೌಂಟಿಯ ಆ ಸೀಟು ಅಲ್ಲಿ ತೀರಾ ಕಡಿಮೆ ಮತ ಪಡೆದ ಪಕ್ಷಕ್ಕೂ ಹೋಗಬಹುದು. ಪಕ್ಕದ ಸ್ವೀಡನ್‌ನಲ್ಲಿ 349 ರಲ್ಲಿ 39 ಸೀಟು ಇಂಥವು. ಆದರೆ ಕ್ಷೇತ್ರಕ್ಕೆ ಇಷ್ಟು ಎಂದು ಮೊದಲೇ ಕಟ್ಟಿಟ್ಟಿಲ್ಲ. ಪಕ್ಷಕ್ಕೆ ಎಲ್ಲಿ ಸೀಟಾಗದ ಮತ ಹೆಚ್ಚು ಉಳಿದಿದೆಯೋ ಅಲ್ಲಿಗೆ ಸೀಟು ಹೋಗುತ್ತದೆ. ನಾರ್ವೆ 1.8 ಅನ್ನು ಹಾಗೇ ಇಟ್ಟುಕೊಂಡು ಈ ಒಂದು ನಿಯಮವನ್ನು ಸ್ವೀಡನ್‌ನಿಂದ ಎರವಲು ಪಡೆದರೆ ಚಿಕ್ಕ ಕೌಂಟಿಯ ಮತದಾರರು ತಮ್ಮ ಸೀಟುಗಳನ್ನು ತಾವೇ ತುಂಬಬಹುದು. ರೋಗಲಾಂಡ್‌ನವರಿಗೂ ಇದರಿಂದ ಕಳೆದುಕೊಳ್ಳುವುದು ಹೆಚ್ಚೇನಿಲ್ಲ.