ಖಾಲಿ ರಸ್ತೆ, ಜೋರು ಗಾಡಿ, ಆಮೇಲಿನ ಹೊಣೆ

"ಮೇಡಂ, ಅವನದೇನೂ ತಪ್ಪಿಲ್ಲ ಅಂತ ನೀವು ಒಂದು ಸಲ ಹೇಳಿಬಿಡಿ. ನಿಮ್ಮ ಮಾತು ಕೇಳ್ತಾನೆ."

ಅಪಘಾತ ಮಾಡಿದ ಮಗನನ್ನು ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕರೆತರುವ ತಂದೆ-ತಾಯಿ ಹೆಚ್ಚಾಗಿ ಮೊದಲು ಕೇಳುವುದು ಇದನ್ನೇ. ಮಗ ಹೊರಗೆ ಕೂತಿರುತ್ತಾನೆ. ಅನ್ನ ಸೇರುತ್ತಿಲ್ಲ, ನಿದ್ದೆ ಇಲ್ಲ, ಯಾರ ಫೋನೂ ಎತ್ತುತ್ತಿಲ್ಲ. ಅವನು ಓಡಿಸುತ್ತಿದ್ದ ಗಾಡಿಗೆ ಸಿಕ್ಕಿ ಒಬ್ಬರು ಸತ್ತಿದ್ದಾರೆ. ಅಮ್ಮನಿಗೆ ಮಗ ಮೊದಲಿನ ಹಾಗೆ ಆದರೆ ಸಾಕು. ಆಕೆಯ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಆ ಮಾತು ನಾನು ಹೇಳುವುದಿಲ್ಲ. ಹೇಳಿದರೆ ಹುಡುಗ ನಂಬುವುದೂ ಇಲ್ಲ. "ಇವರೂ ನನಗೆ ಸುಳ್ಳು ಹೇಳ್ತಿದ್ದಾರೆ" ಅಂದುಕೊಂಡು ಇನ್ನಷ್ಟು ಒಳಗೆ ಸೇರಿಕೊಳ್ಳುತ್ತಾನೆ.

ಇಲ್ಲಿ ನಾನು ಬರೆಯುತ್ತಿರುವುದು ಕುಡಿದು ಓಡಿಸಿದವರ ಬಗ್ಗೆಯಲ್ಲ, ಗುದ್ದಿ ಓಡಿಹೋದವರ ಬಗ್ಗೆಯೂ ಅಲ್ಲ. ಗಾಡಿ ಅಂದರೆ ಪ್ರಾಣ ಅನ್ನುವ ಹುಡುಗರ ಬಗ್ಗೆ. ಸರ್ವೀಸ್ ತಪ್ಪಿಸದವರು, ಟೈರಿನ ಗಾಳಿ ತಾವೇ ನೋಡುವವರು, ಕುಡಿದು ಸ್ಟೀರಿಂಗ್ ಮುಟ್ಟದವರು. ಭಾನುವಾರ ಬೆಳಗಿನ ಜಾವ ಬಳ್ಳಾರಿ ರಸ್ತೆ ಖಾಲಿ ಇರುತ್ತೆ ಅಂತ ಎದ್ದು ಹೊರಡುತ್ತಾರೆ. ನಂದಿ ಬೆಟ್ಟದ ತಿರುವುಗಳಿಗಾಗಿ ವಾರವೆಲ್ಲ ಕಾಯುತ್ತಾರೆ. "ನಾನು ಒಳ್ಳೆ ಡ್ರೈವರ್ ಮೇಡಂ" ಅಂತ ಅವರು ಹೇಳಿದರೆ ಅದು ಜಂಬವಲ್ಲ, ಬಹಳ ಸಲ ನಿಜವೇ. ಗೇರ್ ಸರಿಯಾಗಿ ಬಿದ್ದು, ತಿರುವಿನಲ್ಲಿ ಗಾಡಿ ಮಾತು ಕೇಳಿದಾಗ ಆಗುವ ಖುಷಿಯೂ ನಿಜ. ಅದನ್ನು ಹೀಗಳೆದು ಇವರ ಜೊತೆ ಮಾತು ಶುರುಮಾಡಲು ಆಗುವುದಿಲ್ಲ.

ಆದರೆ ಕೈಚಳಕ ಒಂದು, ಆ ರಸ್ತೆಯಲ್ಲಿ ಆ ವೇಗಕ್ಕೆ ಹೋಗುವ ತೀರ್ಮಾನ ಇನ್ನೊಂದು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 71 ಸಾವನ್ನು ಸರ್ಕಾರದ ವರದಿ ಅತಿವೇಗದ ಲೆಕ್ಕಕ್ಕೆ ಹಾಕಿದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರ ಆಗಸ್ಟ್‌ನಿಂದ ಬೈಕ್, ಆಟೊ ನಿಷೇಧಿಸಿದ್ದು, ಮಿತಿ 100 ಅಂತ ಕ್ಯಾಮೆರಾ ಕೂರಿಸಿದ್ದು, 2024ರ ಆಗಸ್ಟ್‌ನಿಂದ 130 ದಾಟಿದರೆ ಎಫ್‌ಐಆರ್ ಅಂದಿದ್ದು, ಎಲ್ಲ ಈ ಸಾವುಗಳ ಕಾರಣಕ್ಕೇ. ನನ್ನ ಮುಂದೆ ಕೂರುವ ಹುಡುಗರಿಗೆ ಈ ನಿಯಮಗಳೆಲ್ಲ ಬಾಯಿಪಾಠ. ಯಾವ ಕಂಬದಲ್ಲಿ ಕ್ಯಾಮೆರಾ ಇದೆ ಅನ್ನುವುದೂ ಗೊತ್ತು.

ಅಪಘಾತದ ಮರುದಿನದಿಂದಲೇ ಮನೆಯಲ್ಲಿ ಸಮಾಧಾನ ಶುರುವಾಗುತ್ತದೆ. ಅಜ್ಜಿ ಹಣೆಬರಹ ಅನ್ನುತ್ತಾರೆ. ಚಿಕ್ಕಪ್ಪ ಶನಿ ನಡೀತಿದೆ, ಒಂದು ಶಾಂತಿ ಮಾಡಿಸೋಣ ಅನ್ನುತ್ತಾರೆ. ಗೆಳೆಯರು "ಎಲ್ರೂ ಓಡಿಸ್ತಾರೆ ಮಗಾ, ನಿನ್ನ ಬ್ಯಾಡ್ ಲಕ್" ಅನ್ನುತ್ತಾರೆ. ವಕೀಲರು ಯಾರ ಹತ್ತಿರವೂ ಏನೂ ಬಾಯಿಬಿಡಬೇಡ ಅನ್ನುತ್ತಾರೆ. ಅದು ಅವರ ಕೆಲಸ, ಅದರಲ್ಲಿ ತಪ್ಪಿಲ್ಲ. ಎಲ್ಲರದ್ದೂ ಪ್ರೀತಿಯೇ. ಆದರೆ ಎಲ್ಲ ಸೇರಿ ಹುಡುಗನಿಗೆ ಒಂದೇ ಸಂದೇಶ ಹೋಗುತ್ತದೆ: ನಡೆದದ್ದನ್ನು ಈ ಮನೆಯಲ್ಲಿ ಮಾತಾಡುವ ಹಾಗಿಲ್ಲ. ಅವನು ಒಬ್ಬನೇ ರಾತ್ರಿ ಎರಡು ಗಂಟೆಗೆ ಆ ಕೆಲವು ಸೆಕೆಂಡನ್ನು ಮತ್ತೆ ಮತ್ತೆ ನೋಡುತ್ತಾ ಮಲಗಿರುತ್ತಾನೆ.

ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಅಂಟಿಕೊಳ್ಳುವ ಮಾತು "ಅವರೇ ಸಡನ್ನಾಗಿ ಅಡ್ಡ ಬಂದರು" ಅನ್ನುವುದು. ಯಾಕೆಂದರೆ ಅದು ಅರ್ಧ ನಿಜ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದ. 60ರ ಮಿತಿ ಇದ್ದ ರಸ್ತೆ, ಅವನ ಕಾರು 80ರ ಹತ್ತಿರ ಇತ್ತು. ಬೆಳಿಗ್ಗೆ ಹಾಲು ತರಲು ಹೊರಟ ಹಿರಿಯರೊಬ್ಬರು ಡಿವೈಡರ್‌ನ ಸಂದಿನಿಂದ ರಸ್ತೆಗೆ ಇಳಿದರು. ತಿಂಗಳುಗಟ್ಟಲೆ ಅವನು ಹೇಳುತ್ತಿದ್ದುದು ಎರಡೇ ಮಾತು. ಒಂದು ದಿನ "ನಾನು ಕೊಲೆಗಾರ." ಇನ್ನೊಂದು ದಿನ "ನಾನೇನು ಮಾಡಲಿ, ಅವರೇ ಬಂದರು." ಎರಡರ ನಡುವೆ ಅವನಿಗೆ ನಿಲ್ಲುವ ಜಾಗವೇ ಇರಲಿಲ್ಲ.

ಅವನು ಸ್ವಲ್ಪ ಗಟ್ಟಿಯಾದ ಮೇಲೆ ಒಂದು ದಿನ ಅವನೇ ಕೇಳಿದ: "60ರಲ್ಲಿ ಇದ್ದಿದ್ದರೆ ಅವರು ಉಳೀತಿದ್ರಾ?" ಪೆನ್ನು, ಹಾಳೆ ಕೊಟ್ಟೆ. ಲೆಕ್ಕ ಅವನೇ ಹಾಕಿದ. ಮನುಷ್ಯನ ಕಣ್ಣು ಕಂಡು, ಕಾಲು ಬ್ರೇಕಿಗೆ ಹೋಗಲು ಸುಮಾರು ಒಂದೂವರೆ ಸೆಕೆಂಡ್ ಬೇಕು ಅಂತ ಇಟ್ಟುಕೊಂಡ. 60ರ ವೇಗದಲ್ಲಿ ಅಷ್ಟರೊಳಗೆ ಕಾರು 25 ಮೀಟರ್ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ನಿಲ್ಲಲು ಇನ್ನೊಂದು 20 ಮೀಟರ್. ಒಟ್ಟು 45. 80ರಲ್ಲಾದರೆ ಕಾಲು ಬ್ರೇಕ್ ಮುಟ್ಟುವ ಹೊತ್ತಿಗೇ 33 ಮೀಟರ್ ಆಯಿತು, ನಿಲ್ಲಲು ಮತ್ತೆ 35. ಒಟ್ಟು 68. ಆಮೇಲೆ ಅವನು ನಾನು ಕೇಳದ ಇನ್ನೊಂದು ಲೆಕ್ಕ ಹಾಕಿದ. 60ರ ಕಾರು ಪೂರ್ತಿ ನಿಂತುಬಿಡುವ ಆ 45ನೇ ಮೀಟರಿನಲ್ಲಿ, 80ರ ಕಾರು ಎಷ್ಟು ವೇಗದಲ್ಲಿರುತ್ತದೆ? ಉತ್ತರ ಗಂಟೆಗೆ 65 ಕಿಲೋಮೀಟರ್. ಅವನು ಸಂಖ್ಯೆಯ ಸುತ್ತ ಗೆರೆ ಎಳೆದು, ಪೆನ್ನು ಮುಚ್ಚಿಟ್ಟು, ಮೊದಲ ಸಲ ನನ್ನ ಮುಂದೆ ಅತ್ತ.

ಇದು ಕ್ರೂರ ಅಂತ ಕೆಲವರಿಗೆ ಅನಿಸಬಹುದು. ಮೊದಲ ವಾರಗಳಲ್ಲಿ ಯಾರ ಹತ್ತಿರವೂ ಈ ಲೆಕ್ಕ ಮಾಡಿಸಬಾರದು, ಮನೆಯವರಂತೂ ಮಾಡಿಸಲೇಬಾರದು. ಆದರೆ ಆ ದಿನದ ನಂತರ ಅವನ "ಕೊಲೆಗಾರ" ಅನ್ನುವ ಮಾತು ಕಡಿಮೆಯಾಯಿತು, "ಅವರೇ ಬಂದರು" ಅನ್ನುವುದೂ ಕಡಿಮೆಯಾಯಿತು. "60ರ ರಸ್ತೇಲಿ 80ಕ್ಕೆ ಹೋಗಿದ್ದು ನಾನು. ಆ 20 ನನ್ನದು" ಅಂದ. ಬೀದಿದೀಪ ಕೆಟ್ಟಿದ್ದು ಅವನದಲ್ಲ. ಅಲ್ಲಿ ದಾಟುವ ಜಾಗ ಮಾಡದೆ ಬಿಟ್ಟದ್ದು ಅವನದಲ್ಲ. ಹಿರಿಯರು ನೋಡದೆ ಇಳಿದದ್ದೂ ಅವನದಲ್ಲ. ಎಷ್ಟು ಅಂತ ಗೊತ್ತಿಲ್ಲದ ಸಾಲ ಮನುಷ್ಯನನ್ನು ಊರು ಬಿಡಿಸುತ್ತದೆ. ಬರೆದಿಟ್ಟ ಸಾಲವಾದರೆ ತೀರದಿದ್ದರೂ ಹೊತ್ತುಕೊಂಡು ಬಾಳಬಹುದು. ತಪ್ಪಿನ ಭಾವವೂ ಹಾಗೆಯೇ ಅಂತ ಈ ಕೆಲಸ ಮಾಡುತ್ತಾ ಮಾಡುತ್ತಾ ನನಗೆ ಖಾತ್ರಿಯಾಗಿದೆ.

ಬ್ರಿಟನ್ನಿನ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1970ರ ದಶಕದಲ್ಲಿ ಒಬ್ಬ ಲಾರಿ ಚಾಲಕನ ಉದಾಹರಣೆ ಕೊಟ್ಟರು. ಅವನದು ಯಾವ ತಪ್ಪೂ ಇಲ್ಲ, ಆದರೂ ಮಗುವೊಂದು ಅವನ ಲಾರಿಗೆ ಸಿಕ್ಕಿ ಸಾಯುತ್ತದೆ. ನೋಡುತ್ತಾ ನಿಂತವರಿಗಿಂತ ಅವನಿಗೆ ಬೇರೆಯದೇ ನೋವಾಗುತ್ತದೆ. ಸುತ್ತಲಿನವರು ಸಮಾಧಾನ ಮಾಡುತ್ತಾರೆ, ಮಾಡಬೇಕು. ಆದರೆ ಅವನು ತೀರಾ ಬೇಗ ಸಮಾಧಾನ ಆಗಿಬಿಟ್ಟರೆ ಅವನ ಬಗ್ಗೆ ನಮಗೇ ಅನುಮಾನ ಬರುತ್ತದೆ, ಅಲ್ವಾ? ತಪ್ಪೇ ಮಾಡದವನಿಗೇ ಇಷ್ಟು ನೋವು ಸಹಜ ಅಂದಮೇಲೆ, ಬೇಕಂತಲೇ ವೇಗ ಏರಿಸಿದವನಿಗೆ ಆಗುವ ಸಂಕಟವನ್ನು ಕಾಯಿಲೆ ಅನ್ನುವುದು ಸರಿಯಲ್ಲ. ಅವನ ಮನಸ್ಸು ಸರಿಯಾಗಿಯೇ ಕೆಲಸ ಮಾಡುತ್ತಿದೆ.

ಕಾಯಿಲೆಯಾಗುವುದು ಬೇರೆ ಹೊತ್ತಿಗೆ. "ನಾನು ಮಾಡಿದ್ದು ತಪ್ಪು" ಅನ್ನುವವನು ಏನಾದರೂ ಮಾಡಲು ನೋಡುತ್ತಾನೆ. "ನಾನು ಇರುವುದೇ ತಪ್ಪು" ಅನ್ನುವವನು ಮರೆಯಾಗಲು ನೋಡುತ್ತಾನೆ. ಅಲ್ಲಿ ಅಪಾಯವಿದೆ. ಮಗ ಅಂಥ ಮಾತಾಡಿದರೆ ಅಥವಾ ಇದ್ದಕ್ಕಿದ್ದಂತೆ ತನ್ನ ವಸ್ತುಗಳನ್ನು ಇವರಿಗೆ ಅವರಿಗೆ ಕೊಡಲು ಶುರುಮಾಡಿದರೆ ನೇರವಾಗಿ ಕೇಳಿ: "ಸಾಯಬೇಕು ಅಂತ ಅನಿಸ್ತಿದೆಯಾ?" ಕೇಳಿದರೆ ಆ ಯೋಚನೆ ತಲೆಗೆ ಬರುತ್ತೆ ಅನ್ನುವುದು ಸುಳ್ಳು. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ. ನಿಮ್ಹಾನ್ಸ್ ಅಥವಾ ಹತ್ತಿರದ ಜಿಲ್ಲಾ ಆಸ್ಪತ್ರೆಗೆ ಅವತ್ತೇ ಕರೆದೊಯ್ಯಿರಿ. ಕೇಸಿನ ತಲೆಬಿಸಿ ಆಮೇಲೆ.

ಕೇಸಿನ ವಿಷಯ ಬಂತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ನಿರ್ಲಕ್ಷ್ಯದಿಂದ ಸಾವಾದರೆ ಅದರ 106(1)ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಜೈಲು. ಹಳೆಯ ದಂಡ ಸಂಹಿತೆಯ (ಐಪಿಸಿ) 304ಎ ಇದ್ದಾಗ ಎರಡು ವರ್ಷವಿತ್ತು. ಆದರೂ ಇದು ಜಾಮೀನು ಸಿಗುವ ಅಪರಾಧವೇ. ಬಹಳ ಹುಡುಗರು ಅವತ್ತೇ ಸಂಜೆ ಮನೆಗೆ ಬರುತ್ತಾರೆ. ಪರಿಹಾರದ ದುಡ್ಡು ಹೆಚ್ಚಾಗಿ ವಿಮೆ ಕಂಪನಿ ಕಟ್ಟುತ್ತದೆ. ಮನೆಯವರಿಗೆ ಮುಗೀತಪ್ಪಾ ಅನಿಸುತ್ತದೆ. ಕೋರ್ಟಿನ ದಿನಾಂಕಗಳು ವರ್ಷಗಟ್ಟಲೆ ಮುಂದೆ ಹೋಗುತ್ತವೆ. ಶಿಕ್ಷೆಯೂ ಇಲ್ಲ, ಬಿಡುಗಡೆಯೂ ಇಲ್ಲ, ಹೀಗೆ ತೂಗಾಡುವುದನ್ನು ತಡೆಯಲಾರದೆ "ಜೈಲಿಗೆ ಹಾಕಿಬಿಟ್ಟಿದ್ದರೇ ಚೆನ್ನಾಗಿತ್ತು" ಅಂದವರನ್ನು ನಾನು ನೋಡಿದ್ದೇನೆ.

ಓಡಿಸಿದವನೇ ಸತ್ತರೆ ಏನು ಅನ್ನುವುದನ್ನು ನಮ್ಮ ಅರಸೀಕೆರೆ ಕಡೆಯ ಒಂದು ಪ್ರಕರಣ ಹೇಳುತ್ತದೆ. 2014ರಲ್ಲಿ ಮನೆಯವರನ್ನು ಕೂರಿಸಿಕೊಂಡು ವೇಗವಾಗಿ ಹೋಗುತ್ತಿದ್ದ ಕಾರು ಮಗುಚಿತು, ಓಡಿಸುತ್ತಿದ್ದವರು ತೀರಿಕೊಂಡರು. ಕುಟುಂಬ 80 ಲಕ್ಷ ಪರಿಹಾರ ಕೇಳಿತು. ಅವರದೇ ಅಜಾಗರೂಕತೆಯಿಂದ ಆದ ಸಾವು, ಹಾಗಾಗಿ ವಿಮೆ ಕಂಪನಿ ಕೊಡಬೇಕಿಲ್ಲ ಅಂತ ಕರ್ನಾಟಕ ಹೈಕೋರ್ಟ್ ಹೇಳಿತು, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹೆಂಡತಿ ಮಕ್ಕಳಿಗೆ ಇದು ಎಂಥ ಪೆಟ್ಟು. ವೇಗದ ಹೊಣೆ ಆಕ್ಸಿಲರೇಟರ್ ಒತ್ತಿದವನ ಮೇಲೆ ಮಾತ್ರ ನಿಲ್ಲುವುದಿಲ್ಲ.

ಮಗನ ಹೊಣೆಯನ್ನು ತಾವು ಕಿತ್ತುಕೊಳ್ಳುವ ಅಪ್ಪ-ಅಮ್ಮಂದಿರಿಗೆ ಪುಣೆಯನ್ನು ನೆನಪಿಸುತ್ತೇನೆ. 2024ರ ಮೇ 19ರಂದು ಕಲ್ಯಾಣಿ ನಗರದಲ್ಲಿ 17 ವರ್ಷದ ಹುಡುಗನಿದ್ದ ಪೋರ್ಷೆ ಕಾರು ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. 300 ಪದದ ಪ್ರಬಂಧ ಬರೆಯಲು ಹೇಳಿ ಜಾಮೀನು ಕೊಟ್ಟಿದ್ದಕ್ಕೆ ದೇಶವೇ ಸಿಟ್ಟಾಯಿತು. ನನ್ನನ್ನು ಜಾಸ್ತಿ ಕಾಡಿದ್ದು ಆಮೇಲೆ ಬಂದ ಆರೋಪ: ಹುಡುಗನ ರಕ್ತದ ಮಾದರಿ ಬದಲಿಸಿದರು ಅನ್ನುವುದು. ತಂದೆ, ತಾಯಿ ಇಬ್ಬರನ್ನೂ ಪೊಲೀಸರು ಬಂಧಿಸಿದರು. ಅದರ ತೀರ್ಪು ಕೋರ್ಟಿಗೆ ಬಿಟ್ಟದ್ದು. ನನ್ನ ಅನುಭವದಲ್ಲಿ ಚಿಕ್ಕ ಮಟ್ಟದಲ್ಲಿ ಈ ಆಸೆ ಎಷ್ಟೋ ಮನೆಗಳಲ್ಲಿ ತಲೆ ಎತ್ತುತ್ತದೆ. "ಡ್ರೈವರ್ ಓಡಿಸ್ತಿದ್ದ ಅಂತ ಹೇಳೋಣ." "ಅಪ್ಪ ಓಡಿಸ್ತಿದ್ರು ಅಂತ ಹೇಳೋಣ." ಹಾಗೆ ಮಾಡಿದರೆ ಹುಡುಗನಿಗೆ ಒಂದಲ್ಲ, ಎರಡು ಗುಟ್ಟು ಹೊರಬೇಕಾಗುತ್ತದೆ. ಎರಡನೆಯದನ್ನು ಕೊಟ್ಟವರು ಹೆತ್ತವರೇ ಆದ್ದರಿಂದ ಅವರ ಮೇಲೂ ಸಿಟ್ಟು. ಆ ಮನೆ ಮತ್ತೆ ಒಂದಾಗುವುದು ಬಹಳ ಕಷ್ಟ.

ಇನ್ನು ಸತ್ತವರ ಮನೆಯವರು. ಎಲ್ಲ ಹುಡುಗರೂ ಒಂದಲ್ಲ ಒಂದು ದಿನ "ಹೋಗಿ ಕಾಲು ಹಿಡೀತೀನಿ ಮೇಡಂ" ಅನ್ನುತ್ತಾರೆ. ಯಾರ ನೆಮ್ಮದಿಗಾಗಿ ಅಂತ ನಾನು ಕೇಳುತ್ತೇನೆ. ಹದಿಮೂರನೇ ದಿನ ಕೂಡ ಕಳೆಯದ ಮನೆಗೆ ನುಗ್ಗಿ ಕ್ಷಮಿಸಿ ಅಂದರೆ, ದುಃಖದಲ್ಲಿರುವವರ ತಲೆಗೆ ಇನ್ನೊಂದು ಕೆಲಸ ಕಟ್ಟಿದ ಹಾಗೆ. ಕಾಯಬೇಕು. ವಕೀಲರ ಮೂಲಕ ಕೇಳಿಸಬೇಕು. ಬೇಡ ಅಂದರೆ ಬೇಡ. ಪತ್ರ ಬರೆಯುವುದಾದರೆ ನಡೆದದ್ದು ಬರೆಯಬೇಕು, ತನ್ನ ಕಷ್ಟ ಬರೆಯಬಾರದು, ಕ್ಷಮೆ ಕೊಡಿ ಅಂತ ಕೇಳಬಾರದು.

ಕೆಲವು ಮನೆಯವರು ಭೇಟಿಗೆ ಒಪ್ಪುತ್ತಾರೆ. ಅಲ್ಲಿ ಬರುವ ಪ್ರಶ್ನೆಗಳು ಬಹಳ ಸಣ್ಣವು. "ಅವರಿಗೆ ಎಚ್ಚರ ಇತ್ತಾ?" "ನೀರು ಕೇಳಿದ್ರಾ?" "ಏನಾದ್ರೂ ಅಂದ್ರಾ?" ಉತ್ತರ ಗೊತ್ತಿರುವುದು ಕೆಲವೊಮ್ಮೆ ಗಾಡಿ ಓಡಿಸಿದವನಿಗೆ ಮಾತ್ರ, ಅದೂ ಅವನು ಅಲ್ಲೇ ನಿಂತಿದ್ದರೆ. ಗಾಯಾಳುವಿಗೆ ಚಿಕಿತ್ಸೆ ಸಿಗುವ ಹಾಗೆ ನೋಡಿಕೊಳ್ಳುವುದು ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಚಾಲಕನ ಕರ್ತವ್ಯ. ಜನ ಸೇರಿ ಹೊಡೆಯುವ ಭಯ ಇದ್ದರೆ ಅಂತ ಕಾಯ್ದೆಯೇ ಒಂದು ವಿನಾಯಿತಿ ಬರೆದಿದೆ. ಆದರೂ ಬೇಗನೆ, ತಡವಾದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ಹೋಗಿ ತಿಳಿಸಲೇಬೇಕು. ನಿಂತು 108ಕ್ಕೆ ಫೋನ್ ಮಾಡಿ, ಗಾಯಾಳುವಿನ ತಲೆ ಹಿಡಿದು ಕೂತವರೂ ನನ್ನ ಹತ್ತಿರ ಬರುತ್ತಾರೆ, ಭಯಕ್ಕೆ ಓಡಿದವರೂ ಬರುತ್ತಾರೆ. ಮೊದಲನೆಯವರಿಗೆ ನೋವು ಕಡಿಮೆ ಅಂತಲ್ಲ. ಆದರೆ ಅವರ ಹತ್ತಿರ ತಾವು ಮಾಡಿದ ಒಂದು ಸರಿಯಾದ ಕೆಲಸ ಇರುತ್ತದೆ, ವರ್ಷಗಳ ನಂತರವೂ ಮಾತು ಅಲ್ಲಿಂದ ಶುರುವಾಗುತ್ತದೆ.

"ನಾನು ಮತ್ತೆ ಓಡಿಸಬಹುದಾ?" ಅಂತ ಕೊನೆಗೆ ಕೇಳುತ್ತಾರೆ. ಲೈಸೆನ್ಸ್ ಅಮಾನತಾಗಿದ್ದರೆ ಉತ್ತರ ಆರ್‌ಟಿಒ ಕೊಡುತ್ತದೆ. ಇಲ್ಲದಿದ್ದರೆ, ಇನ್ನು ಜನ್ಮದಲ್ಲಿ ಗಾಡಿ ಮುಟ್ಟಲ್ಲ ಅನ್ನುವ ಶಪಥವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದು ಆರು ತಿಂಗಳಲ್ಲಿ ಮುರಿಯುತ್ತದೆ, ಮುರಿದ ಮೇಲೆ ಹಳೆಯ ವೇಗವೇ ಬರಬಹುದು. ನಾನು ಹೇಳುವುದು, ಮೊದಲು ಪಕ್ಕದ ಸೀಟಿನಲ್ಲಿ ಕೂರಿ. ಆಮೇಲೆ ಹಗಲಲ್ಲಿ, ಗೊತ್ತಿರುವ ರಸ್ತೆಯಲ್ಲಿ ಓಡಿಸಿ. ಗಾಡಿಯ ಖುಷಿಯೇ ಬೇಕಿದ್ದರೆ ದುಡ್ಡು ಕೊಟ್ಟು ರೇಸ್ ಟ್ರ್ಯಾಕಿಗೆ ಹೋಗಿ, ಚೆನ್ನೈ ಹತ್ತಿರ ಇದೆ, ಕೊಯಮತ್ತೂರಿನಲ್ಲಿ ಇದೆ. ಅಲ್ಲಿ ಹಾಲು ತರಲು ಹೋಗುವವರು ಯಾರೂ ರಸ್ತೆ ದಾಟುವುದಿಲ್ಲ. ಆಮೇಲೊಂದು ದಿನ ಗೆಳೆಯರನ್ನು ಕೂರಿಸಿಕೊಂಡು ಹೋಗುತ್ತೀರಿ. ರಸ್ತೆ ಖಾಲಿ ಇರುತ್ತದೆ, ಬೋರ್ಡಿನಲ್ಲಿ 60 ಅಂತ ಇರುತ್ತದೆ. ಹಿಂದಿನ ಸೀಟಿನಿಂದ ಯಾರೋ "ಏನ್ ಗುರು, ಎತ್ತಿನ ಗಾಡಿ ಓಡಿಸ್ತಿದೀಯಾ" ಅನ್ನುತ್ತಾರೆ. ಆಗ ಮುಳ್ಳು 60ರಲ್ಲೇ ಇತ್ತಾ ಅಂತ ಬಂದು ನನಗೆ ಹೇಳಿ.