ಇ.ಎಫ್. 60 ಅಂದರೆ ಫಸ್ಟ್ ಕ್ಲಾಸ್ ಅಲ್ಲ

ಇಕೋ, ಅಂದರೆ ಹೃದಯದ ಸ್ಕ್ಯಾನ್, ರಿಪೋರ್ಟ್ ಕೈಗೆ ಬಂದ ಕೂಡಲೇ ಜನ ಹುಡುಕುವುದು ಒಂದೇ ಸಾಲು: ಇ.ಎಫ್. (ಇಜೆಕ್ಷನ್ ಫ್ರ್ಯಾಕ್ಷನ್, ಹೃದಯ ಒಂದು ಬಡಿತಕ್ಕೆ ಹೊರಹಾಕುವ ರಕ್ತದ ಪಾಲು) 60%. ಕೆಲವರು ಗಾಬರಿಯಾಗುತ್ತಾರೆ. "ಡಾಕ್ಟ್ರೇ, ಉಳಿದ 40 ಹೋಗಿಬಿಡ್ತಾ?" ಇವರಿಗೆ ಸಮಾಧಾನ ಹೇಳುವುದು ಸುಲಭ. ಯಾರ ಹೃದಯವೂ ನೂರಕ್ಕೆ ನೂರು ಹೊರಹಾಕುವುದಿಲ್ಲ. 55ರಿಂದ 70ರೊಳಗೆ ಇದ್ದರೆ ಸರಿಯೇ. ನನಗೆ ತಲೆನೋವು ಇನ್ನೊಂದು ಗುಂಪಿನವರದು. "60 ಬಂದಿದೆ, ಫಸ್ಟ್ ಕ್ಲಾಸ್ ಅಲ್ವಾ ಸಾರ್?" ಅಂತ ರಿಪೋರ್ಟ್ ಮಡಚಿ ಜೇಬಿಗೆ ಹಾಕಿಕೊಳ್ಳುವವರು.

ಒಬ್ಬ ಹೆಣ್ಣುಮಗಳು ಬಂದಿದ್ದಳು. ಆರು ತಿಂಗಳ ಗರ್ಭಿಣಿ. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿ ಕೂತೇ ನಿದ್ದೆ. ರಕ್ತ ಕಡಿಮೆ ಅಂತ ಒಂದು ಕಡೆ ಮಾತ್ರೆ, ಅಸ್ತಮಾ ಅಂತ ಇನ್ನೊಂದು ಕಡೆ ಪಂಪು. ವರ್ಷದ ಹಿಂದೆ ಇಕೋ ಮಾಡಿಸಿದ್ದರು. ಗಂಡ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ. ಇ.ಎಫ್. 60ರ ಕೆಳಗೆ ಪೆನ್ನಿನಿಂದ ಗೆರೆ. ಅದಕ್ಕಿಂತ ಎರಡು ಸಾಲು ಮೇಲೆ ಹೃದಯದ ಎಡಭಾಗದ ಬಾಗಿಲಾದ ಮೈಟ್ರಲ್ ವಾಲ್ವಿನ ಬಾಯಿಯ ಅಳತೆ ಇತ್ತು: 1.1 ಚದರ ಸೆಂಟಿಮೀಟರ್. ಆರೋಗ್ಯವಂತರಲ್ಲಿ ಅದು 4ರಿಂದ 6 ಇರುತ್ತದೆ. 1.5ಕ್ಕೆ ಇಳಿದರೇ ತೀವ್ರ ಎನ್ನುತ್ತೇವೆ. ಆ ಸಾಲಿಗೆ ಯಾರೂ ಗೆರೆ ಎಳೆದಿರಲಿಲ್ಲ.

ಇದನ್ನು ನಾನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಹೃದಯದ ಎಡ ಕೆಳಕೋಣೆ ಒಂದು ಪಂಪ್‌ಸೆಟ್ ಅಂದುಕೊಳ್ಳಿ. ಒಳಗೆ ತುಂಬಿಕೊಂಡ ರಕ್ತದಲ್ಲಿ ನೂರಕ್ಕೆ ಎಷ್ಟು ಹೊರಗೆ ಹಾಕಿತು ಅನ್ನುವುದಷ್ಟೇ ಇ.ಎಫ್. ಒಳಗೆ 100 ಎಂ.ಎಲ್. ತುಂಬಿ 60 ಹೋದರೆ 60%. ಈಗ ಮೇಲಿನ ಬಾಗಿಲು, ಅಂದರೆ ಮೈಟ್ರಲ್ ವಾಲ್ವ್, ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಅಂಟಿಕೊಂಡು ಕಿರಿದಾಗಿದೆ. ಒಳಗೆ ತುಂಬುವುದೇ 70. ಅದರಲ್ಲಿ ಹೊರಗೆ ಹೋಗುವುದು 42. ಭಾಗಾಕಾರ ಮಾಡಿ ನೋಡಿ. ಮತ್ತೆ 60%! ಮೈಗೆ ರಕ್ತ ಕಡಿಮೆಯಾಯಿತು. ಬಾಗಿಲಾಚೆ ನಿಂತ ರಕ್ತ ಶ್ವಾಸಕೋಶಕ್ಕೆ ಒತ್ತಿತು. ಅಂಕಿ ಮಾತ್ರ ಅಲ್ಲಾಡಲಿಲ್ಲ. ಪಂಪು ಸರಿಯಿದೆ ಸ್ವಾಮಿ, ತೂಬು ಕಟ್ಟಿದೆ. ಗರ್ಭಿಣಿಯಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟು ಜಾಸ್ತಿಯಾಗುತ್ತದೆ, ನಾಡಿಯೂ ಓಡುತ್ತದೆ. ಅಲ್ಲಿಯವರೆಗೆ ಹೇಗೋ ತಡೆದುಕೊಂಡಿದ್ದ ವಾಲ್ವ್ ಆಗ ಕೈಕೊಡುತ್ತದೆ.

ಇದೇ ಮೈಟ್ರಲ್ ವಾಲ್ವ್ ಸೋರುವವರಲ್ಲಿ ಇನ್ನೂ ಮೋಸ. ಹಿಂದಕ್ಕೆ ಸೋರಿದ ರಕ್ತವನ್ನೂ ಇ.ಎಫ್. 'ಹೊರಗೆ ಹೋಯಿತು' ಅಂತಲೇ ಎಣಿಸುತ್ತದೆ. ಹಾಗಾಗಿ ಅಂಕಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ತೀವ್ರ ಸೋರಿಕೆ ಇದ್ದವರಲ್ಲಿ ಇ.ಎಫ್. 60ಕ್ಕೆ ಇಳಿದರೆ, ಸುಸ್ತು ಇರಲಿ ಬಿಡಲಿ, ನಾವು ಆಪರೇಷನ್ ಮಾತು ಎತ್ತುತ್ತೇವೆ. ನೀವು ಪೇಡಾ ಹಂಚುವ ಅಂಕಿಗೆ ನಾವು ಸರ್ಜನ್‌ಗೆ ಫೋನ್ ಮಾಡುತ್ತೇವೆ.

ಹಾಗಾದರೆ ಇಕೋ ದಂಡವೇ? ಅಲ್ಲ. ವಾಲ್ವಿನ ಬಾಯಿ ಎಷ್ಟು ತೆರೆಯುತ್ತದೆ, ಅದರ ಆಚೆ ಈಚೆ ಒತ್ತಡದ ವ್ಯತ್ಯಾಸ ಎಷ್ಟು, ಶ್ವಾಸಕೋಶದ ಒತ್ತಡ ಎಷ್ಟು ಅನ್ನುವುದನ್ನು ಅದು ಹೇಳುತ್ತದೆ. ಎಸಳು ಮೆತ್ತಗಿದೆಯೋ ಸುಣ್ಣಗಟ್ಟಿದೆಯೋ ಎಂದೂ ನೋಡುತ್ತೇವೆ. ಬಲೂನ್ ಉಬ್ಬಿಸಿ ವಾಲ್ವ್ ಬಿಡಿಸಿದರೆ ಸಾಕೋ, ಆಪರೇಷನ್ ಬೇಕೋ ಎಂಬುದು ಹೆಚ್ಚಾಗಿ ಅದರ ಮೇಲೇ ನಿಂತಿದೆ. ಅಂದಹಾಗೆ, ಈ ಯಂತ್ರ ಹುಟ್ಟಿದ್ದರಲ್ಲೂ ಈ ವಾಲ್ವ್ ಕಾಯಿಲೆಯ ಪಾಲಿದೆ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯ ಮತ್ತು ಹೆಲ್ಮುತ್ ಹರ್ಟ್ಸ್ ಎಂಬ ಭೌತವಿಜ್ಞಾನಿ ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಹುಡುಕುವ ಯಂತ್ರವನ್ನು ಎದೆಗೆ ಇಟ್ಟು ನೋಡಿದರು. ಎಡ್ಲರ್‌ಗೆ ಬೇಕಿದ್ದದ್ದೇ ಮೈಟ್ರಲ್ ವಾಲ್ವಿನ ಸುದ್ದಿ.

ಇಕೋ ಅಳತೆ ಚಿನ್ನದ ತಕ್ಕಡಿಯಲ್ಲ. ಮಾಡುವವರ ಕೈ, ಆ ದಿನದ ನಾಡಿ ಎಲ್ಲದರಿಂದಲೂ ಬದಲಾಗುತ್ತದೆ. ಮೂರು ಮಹಡಿ ಹತ್ತಿ ಬಂದು ಸೀದಾ ಮಲಗಿದರೆ ಒತ್ತಡದ ವ್ಯತ್ಯಾಸ ಏರಿಯೇ ಇರುತ್ತದೆ. ವಾಲ್ವಿನ ಅಳತೆ 1.4 ಇದ್ದದ್ದು 1.3 ಆಯಿತು ಅಂತ ಅಳಬೇಡಿ. ಹಳೇ ರಿಪೋರ್ಟ್‌ಗಳನ್ನೆಲ್ಲ ತನ್ನಿ, ಸಾಲಾಗಿ ಇಟ್ಟು ನೋಡೋಣ. 'ಟ್ರಿವಿಯಲ್ ಎಂ.ಆರ್.', ಅಂದರೆ ಮೈಟ್ರಲ್ ವಾಲ್ವಿನ ತೀರಾ ಸಣ್ಣ ಸೋರಿಕೆ, ಎಂದಷ್ಟೇ ಬರೆದಿದ್ದರೆ ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ. ನನ್ನ ಹೃದಯದಲ್ಲೂ ಅದು ಇರಬಹುದು.

ರುಮ್ಯಾಟಿಕ್ ಜ್ವರ ಮರುಕಳಿಸಿ ವಾಲ್ವ್ ಇನ್ನಷ್ಟು ಕೆಡದಂತೆ 21 ದಿನಕ್ಕೊಮ್ಮೆ ಕೊಡುವ ಪೆನಿಸಿಲಿನ್ ಇಂಜೆಕ್ಷನ್ನನ್ನು ಅಂಕಿ ಚೆನ್ನಾಗಿದೆ ಅಂತ ನಿಲ್ಲಿಸುವವರ ಮೇಲೆ ಮಾತ್ರ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಹೌದು, ನೋವಾಗುತ್ತದೆ, ಗೊತ್ತು. ಆದರೆ ಉಗಾಂಡಾದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ಅದರಲ್ಲಿದ್ದ ಮಕ್ಕಳಿಗೆ ಯಾವ ತೊಂದರೆಯೂ ಕಾಣುತ್ತಿರಲಿಲ್ಲ, ಇಕೋದಲ್ಲಿ ಮಾತ್ರ ಈ ರುಮ್ಯಾಟಿಕ್ ಕಾಯಿಲೆಯ ಸುಳಿವಿತ್ತು. ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಪಡೆದವರಲ್ಲಿ ಎರಡು ವರ್ಷದಲ್ಲಿ ಕಾಯಿಲೆ ಮುಂದುವರಿದದ್ದು 0.8%. ಪಡೆಯದವರಲ್ಲಿ 8.2%. ಯಾರಿಗೆ ಎಷ್ಟು ವರ್ಷ ಬೇಕು ಅನ್ನುವುದು ವಯಸ್ಸು, ವಾಲ್ವಿನ ಸ್ಥಿತಿ ನೋಡಿ ತೀರ್ಮಾನಿಸುವಂಥದ್ದು. ಅದನ್ನು ನಿಮ್ಮ ಡಾಕ್ಟರ್ ಹೇಳಲಿ, ರಿಪೋರ್ಟಿನ ಕೊನೆಯ ಸಾಲಲ್ಲ.

ಆ ಹೆಣ್ಣುಮಗಳ ವಾಲ್ವ್ ಈಗ 0.8ಕ್ಕೆ ಇಳಿದಿತ್ತು. ಮಾತ್ರೆಗೆ ಬಗ್ಗಲಿಲ್ಲ. ಹೊಟ್ಟೆಗೆ ಸೀಸದ ಹೊದಿಕೆ ಹಾಕಿ, ತೊಡೆಯ ರಕ್ತನಾಳದಿಂದ ಬಲೂನ್ ಏರಿಸಿ ವಾಲ್ವ್ ಬಿಡಿಸಿದೆವು. 1.7 ಆಯಿತು. ಮಾರನೇ ದಿನ ಗಂಡ ಹೊಸ ರಿಪೋರ್ಟನ್ನೂ ಹಳೇದನ್ನೂ ಜೋಡಿಸಿ ಹಿಡಿದು ಬಂದ. "ಸಾರ್, ಮೊದಲೂ 60, ಈಗಲೂ 60. ಇಷ್ಟೆಲ್ಲ ಮಾಡಿ ಏನು ಬದಲಾಯ್ತು?"

ನಾನು ಪೆನ್ನು ತೆಗೆದು ಪಂಪ್‌ಸೆಟ್ ಬರೆಯಲು ಶುರುಮಾಡುವಷ್ಟರಲ್ಲಿ ಮಂಚದಿಂದ ಅವಳೇ ಹೇಳಿದಳು: "ರಾತ್ರಿ ಮಲಗಿದ್ದೆ ನೋಡಲಿಲ್ವಾ? ಒಂದೇ ದಿಂಬು."