ವಿಳಾಸದಲ್ಲಿ ಅರ್ಧಕ್ಕೆ ನಿಂತ ಬಾವಿ

ಗದಗ ಹತ್ತಿರದ ಲಕ್ಕುಂಡಿಗೆ ಹೋಗಿ ಬಂದು ಒಂದು ಲೇಖನ ಬರೆದೆ. ಹೆಸರು ‘ಲಕ್ಕುಂಡಿಯ ಮೆಟ್ಟಿಲು ಬಾವಿಗಳು’. ವರ್ಡ್‌ಪ್ರೆಸ್ ಅನ್ನುವ, ವೆಬ್ ತಾಣ ನಡೆಸುವ ತಂತ್ರಾಂಶದಲ್ಲಿ ನನ್ನದೊಂದು ಪುಟ್ಟ ತಾಣವಿದೆ, ಅದಕ್ಕೆ ಹಾಕಿದೆ. ಪುಟದ ವಿಳಾಸ ನೋಡಿದರೆ ಕೊನೆಗೆ ‘ಬಾವಿಗ’ ಅಂತ ನಿಂತಿತ್ತು. ‘ಳು’ ಇಲ್ಲ! ಅದನ್ನೇ ಅಣ್ಣನ ಮೊಬೈಲಿಗೆ ಕಳಿಸಿದೆ. ಅಲ್ಲಿ ಕನ್ನಡವೇ ಕಾಣಲಿಲ್ಲ, ಬರೀ ಶೇಕಡಾ ಗುರುತು, ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ರಾಶಿ.

ತಪ್ಪು ಯಾರದ್ದೂ ಅಲ್ಲ, ಇದು ಜಾಗದ ಲೆಕ್ಕ. ವೆಬ್ ವಿಳಾಸದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳನ್ನು ಮಾತ್ರ ಇದ್ದ ಹಾಗೇ ಬರೆಯಬಹುದು. ಕನ್ನಡವನ್ನು ಬೈಟುಗಳಾಗಿ, ಅಂದರೆ ಕಂಪ್ಯೂಟರ್ ಮಾಹಿತಿ ಇಡುವ ಪುಟ್ಟ ತುಣುಕುಗಳಾಗಿ, ಒಡೆಯಬೇಕು. ಹಾಗೆ ಒಡೆಯುವ ಪದ್ಧತಿ ಯುಟಿಎಫ್-8, ಅದರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್. ಒಂದೊಂದು ಬೈಟಿಗೂ ವಿಳಾಸದಲ್ಲಿ 3 ಜಾಗ: ಒಂದು ಶೇಕಡಾ ಗುರುತು, ಅದರ ಮುಂದೆ ಎರಡು ಅಂಕಿ ಅಥವಾ ಇಂಗ್ಲಿಷ್ ಅಕ್ಷರ. ಅಂದರೆ ಒಂದು ಸಂಕೇತಕ್ಕೆ 9. ‘ಕ್ಕು’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಅಲ್ವಾ? ಕಂಪ್ಯೂಟರಿಗೆ ಅದು ಕ, ಅರ್ಧಾಕ್ಷರದ ಗುರುತು, ಮತ್ತೊಂದು ಕ, ಕೊಂಬು. 4 ಸಂಕೇತ, 36 ಜಾಗ. ನನ್ನ ತಲೆಬರಹದಲ್ಲಿ 24 ಸಂಕೇತ, ನಡುವೆ 2 ಅಡ್ಡಗೆರೆ. ಒಟ್ಟು 218. ವರ್ಡ್‌ಪ್ರೆಸ್ ಇದಕ್ಕೆ ಇಟ್ಟಿರುವ ಜಾಗ 200. ಕೊನೆಯ 18 ಜಾಗದ ‘ಳು’ ಹೊರಗೆ ಉಳಿಯಿತು.

ಪ್ರತಿ ಸಲ ಕೈಯಿಂದ ತಿದ್ದಬಹುದು. ಆದರೆ ಒಂದು ಪುಟ್ಟ ಪ್ಲಗಿನ್, ಅಂದರೆ ವರ್ಡ್‌ಪ್ರೆಸ್‌ಗೆ ಹೊರಗಿನಿಂದ ಸೇರಿಸುವ ಕೋಡು, ಬರೆದರೆ ಆ ಕೆಲಸ ತಾನೇ ಆಗುತ್ತದೆ. 2004ರ 1.2ನೇ ಆವೃತ್ತಿಯಿಂದಲೇ ವರ್ಡ್‌ಪ್ರೆಸ್‌ನಲ್ಲಿ ಈ ಸೌಕರ್ಯವಿದೆ. ನಮ್ಮ ಕಡೆ ಹಳೆ ಮನೆಗಳ ಗೋಡೆಯಲ್ಲಿ ಗೂಟ ಇರುತ್ತವೆ. ಚೀಲವೋ ಅಂಗಿಯೋ, ತೂಗುಹಾಕಿದರಾಯಿತು, ಗೋಡೆ ಕೊರೆಯಬೇಕಿಲ್ಲ. ವರ್ಡ್‌ಪ್ರೆಸ್ ಒಳಗೂ ಅಂಥ ಗೂಟಗಳಿವೆ. ಅವಕ್ಕೆ ಹುಕ್ ಅನ್ನುತ್ತಾರೆ. ತಲೆಬರಹ ವಿಳಾಸವಾಗುವ ದಾರಿಯಲ್ಲೂ ಒಂದಿದೆ. ಅದಕ್ಕೆ ನನ್ನ ಕೋಡು ತಗುಲಿಹಾಕಿದೆ: ಕನ್ನಡ ತಲೆಬರಹ ತಗೋ, ಇಂಗ್ಲಿಷ್ ಅಕ್ಷರದಲ್ಲಿ ಬರೆದು ವಾಪಸ್ ಕೊಡು.

ಮೊದಲ ಸಲ ಏನೂ ಬದಲಾಗಲಿಲ್ಲ. ಒಂದೇ ಗೂಟಕ್ಕೆ ಹಲವು ಕೆಲಸ ತಗುಲಿದ್ದರೆ ಅವು ಸರದಿಯ ಪ್ರಕಾರ ನಡೆಯುತ್ತವೆ. ಸರದಿ ಹೇಳದಿದ್ದರೆ ಸಿಗುವ ಸಂಖ್ಯೆ 10. ಕನ್ನಡವನ್ನು ಬೈಟಾಗಿ ಒಡೆಯುವ ಕೆಲಸದ್ದೂ 10, ಅದು ನನಗಿಂತ ಮುಂಚೆ ಬಂದು ನಿಂತಿತ್ತು. ನನ್ನ ಕೋಡಿನ ಕೈಗೆ ಬರುವಷ್ಟರಲ್ಲಿ ಕನ್ನಡವೇ ಉಳಿದಿರಲಿಲ್ಲ. ಚಿಕ್ಕ ಸಂಖ್ಯೆಯದು ಮೊದಲು ನಡೆಯುತ್ತದೆ, ಹಾಗಾಗಿ ನನ್ನ 10ನ್ನು 9 ಮಾಡಿದೆ. ಆಯಿತು! ಒಂದು ಅಂಕಿಯ ಬದಲಾವಣೆಗೆ ಅಷ್ಟು ಖುಷಿಯಾಗಿದ್ದು ನನಗೆ ಇನ್ನೂ ನೆನಪಿದೆ. ಇನ್ನೊಂದು ಎಚ್ಚರ ಬೇಕು. ಪುಟ ಹುಡುಕುವಾಗಲೂ ಇದೇ ಗೂಟ ಬಳಕೆಯಾಗುತ್ತದೆ. ಹಾಗಾಗಿ ಲೇಖನ ಉಳಿಸುವಾಗ ಮಾತ್ರ ಕೆಲಸ ಮಾಡು ಅಂತ ಹೇಳಿಡಬೇಕು. ಇಲ್ಲದಿದ್ದರೆ ಕನ್ನಡ ವಿಳಾಸದ ಹಳೆ ಪುಟಗಳು ಸಿಗದೇ ಹೋಗಬಹುದು.

ಅಕ್ಷರ ಬದಲಿಸುವುದೇ ನಿಜವಾದ ಸೊಗಸು. ಪ್ರತಿ ವ್ಯಂಜನದೊಳಗೆ ಒಂದು ‘ಅ’ ಅಡಗಿರುತ್ತದೆ. ಮುಂದೆ ಗುಣಿತದ ಗುರುತೋ ಅರ್ಧಾಕ್ಷರದ ಗುರುತೋ ಬಂದರೆ ಆ ‘ಅ’ ಬಿಡಬೇಕು. ಸೊನ್ನೆಯದು ಇನ್ನೂ ಸೂಕ್ಷ್ಮ. ‘ಲಕ್ಕುಂಡಿ’ಯ ಸೊನ್ನೆಗೆ ‘ಎನ್’ ಸರಿಹೋಯಿತು. ಮುಂದಿನ ಲೇಖನ ಡಂಬಳದ ಕೆರೆಯದು. ಅಲ್ಲಿ ಸೊನ್ನೆಯ ಮುಂದೆ ‘ಬ’ ಇದೆ, ‘ಎಮ್’ ಬೇಕು. ಇವತ್ತು ರಾತ್ರಿ ಅದಕ್ಕೆ ಎರಡು ಸಾಲು ಕೋಡು ಸೇರಿಸುತ್ತೇನೆ.